ಅರೆಕಿಪಾದ ತುತ್ತೂರಿಯವನು

ಪುಟ್ಟಿ,

ಬಂದ ಕೆಲಸ ನಿನ್ನೆಗೇ ಮುಗಿಯಿತು. ಇವತ್ತು ಇಡೀ ದಿನ ನನ್ನದು. ಅದರಲ್ಲಿ ಅರ್ಧ ದಿನ ಒಂದು ಕಾರಂಜಿಯ ಮುಂದೆ ಕೂತು ಕಳೆದೆ. ಪಕ್ಕದಲ್ಲಿ ನೀನಿರಬೇಕಿತ್ತು ಅಂತ ಎಷ್ಟು ಸಲ ಅನ್ನಿಸಿತೋ!

ಈ ಊರು ಅರೆಕಿಪಾ, ಪೆರು ದೇಶದ್ದು. ಆಂಡೀಸ್ ಬೆಟ್ಟಗಳ ನಡುವೆ ಸುಮಾರು 2,300 ಮೀಟರ್ ಎತ್ತರದಲ್ಲಿದೆ. ನಾವು ಹೋದ ವರ್ಷ ಹತ್ತಿದ ಮುಳ್ಳಯ್ಯನಗಿರಿಯ ತುದಿಗಿಂತ ಮೇಲೆ ಇಲ್ಲಿ ಜನ ಮನೆ ಕಟ್ಟಿಕೊಂಡು ಅಂಗಡಿಗೆ, ಶಾಲೆಗೆ ಓಡಾಡುತ್ತಾರೆ. ಮೆಟ್ಟಿಲು ಹತ್ತಿದರೆ ನನಗೆ ಮಾತ್ರ ಏದುಸಿರು. ಊರಾಚೆ ಎದ್ದು ನಿಂತಿರುವುದು ಮಿಸ್ತಿ, 5,822 ಮೀಟರ್ ಎತ್ತರದ ಜ್ವಾಲಾಮುಖಿ. ಜ್ವಾಲಾಮುಖಿಗಳು ಕಕ್ಕಿದ ಬೂದಿಯೇ ಗಟ್ಟಿಯಾಗಿ ಬಿಳಿ ಕಲ್ಲಾಗಿದೆ. ಅದಕ್ಕೆ ಇಲ್ಲಿ ಸಿಯಾರ್ ಅನ್ನುತ್ತಾರೆ. ಹಳೇ ಊರಿನ ಚರ್ಚು, ಕಮಾನು, ಗೋಡೆ ಎಲ್ಲ ಅದರದ್ದೇ. ಬಿಸಿಲು ಬಿದ್ದರೆ ಕಣ್ಣು ಕೋರೈಸುತ್ತದೆ.

ಊರ ನಡುವಿನ ಚೌಕದ ಒಂದು ಬದಿಯ ಉದ್ದಕ್ಕೂ ದೊಡ್ಡ ಚರ್ಚು, ಉಳಿದ ಮೂರು ಕಡೆ ಎರಡಂತಸ್ತಿನ ಕಮಾನುಸಾಲು. 2001ರ ಭೂಕಂಪದಲ್ಲಿ ಚರ್ಚಿನ ಒಂದು ಗೋಪುರ ಬಿದ್ದೇ ಹೋಗಿತ್ತಂತೆ, ಮತ್ತೆ ಕಟ್ಟಿದ್ದಾರೆ. ಚೌಕದ ಮಧ್ಯೆ ಈ ಕಾರಂಜಿ. ಒಂದರ ಮೇಲೊಂದು ಮೂರು ಕಂಚಿನ ತಟ್ಟೆ, ಮೇಲಕ್ಕೆ ಹೋದಂತೆ ಚಿಕ್ಕದು. ಮೇಲಿನ ತಟ್ಟೆಯ ಅಂಚಿನಿಂದ ನೀರು ಎಳೆಎಳೆಯಾಗಿ ಕೆಳಗಿನದಕ್ಕೆ ಇಳಿಯುತ್ತದೆ. ಪಾರಿವಾಳಗಳು ಅಂಚಿನಲ್ಲಿ ಸಾಲಾಗಿ ಕೂತು, ಕುತ್ತಿಗೆ ಬಗ್ಗಿಸಿ, ಒಂದೊಂದೇ ಗುಟುಕು ಕುಡಿಯುತ್ತವೆ.

ತುತ್ತತುದಿಯಲ್ಲಿ ಕಹಳೆ ಹಿಡಿದ ಪುಟ್ಟ ಕಂಚಿನ ಮನುಷ್ಯ. ಅವನ ಹೆಸರೇನು ಗೊತ್ತಾ? ತುತುರುತು! ಊರಿಗೆ ಸುದ್ದಿ ಬಂದಾಗ ಕಹಳೆ ಊದಿ ಸಾರುತ್ತಿದ್ದ ಹಳೇ ಕಾಲದ ಸೈನಿಕ ಅಂತ ಕೆಲವರು, ದೇವದೂತ ಅಂತ ಇನ್ನು ಕೆಲವರು. ಯಾರಾದರೂ ಆಗಿರಲಿ, ಊದಿದ ಸದ್ದೇ ಅವನಿಗೆ ಹೆಸರಾಗಿದೆ. ತುತುರುತು, ತುತ್ತೂರಿ. ಎರಡನ್ನೂ ಒಟ್ಟಿಗೆ ಹೇಳಿ ನೋಡು. ಇಷ್ಟು ದೂರ ಬಂದು, ಗೊತ್ತಿಲ್ಲದ ಭಾಷೆಯ ನಡುವೆ, ನಮ್ಮ ಮನೆಯ ಮಾತು ಕಿವಿಗೆ ಬಿದ್ದ ಹಾಗಾಯಿತು. ನನ್ನ ಕಣ್ಣು ತುಂಬಿ ಬಂತು ಕಣೇ.

ಇಲ್ಲಿ ಮಳೆ ತೀರಾ ಕಡಿಮೆ. ಜನವರಿಯಿಂದ ಮಾರ್ಚ್‌ವರೆಗೆ ಒಂದಿಷ್ಟು ಬಿದ್ದರೆ ಆಯಿತು, ಆಮೇಲೆ ಆಕಾಶ ನೀಲಿಯೇ ನೀಲಿ. ಊರು ಬದುಕಿರುವುದು ಬೆಟ್ಟದಿಂದ ಇಳಿದು ಬರುವ ಚಿಲಿ ನದಿಯ ನೀರಿನಿಂದ. ನಲ್ಲಿ ಇಲ್ಲದ ಕಾಲದಲ್ಲಿ ಸ್ಪೇನಿನವರು ಕಟ್ಟಿದ ಇಂಥ ಊರುಗಳಲ್ಲಿ ಚೌಕದ ಕಾರಂಜಿಯೇ ಜನ ನೀರು ಹಿಡಿದುಕೊಂಡು ಹೋಗುವ ಜಾಗ. ಅಜ್ಜಿ ಹೇಳುವ ಬೀದಿ ನಲ್ಲಿ ನೆನಪಾಯಿತು. ಬೆಳಗಿನ ಜಾವಕ್ಕೇ ಕೊಡ ಸಾಲಿಗಿಟ್ಟು ಬರುತ್ತಿದ್ದರಲ್ಲ, ಅದು.

ಮಧ್ಯಾಹ್ನ ಹತ್ತಿರದ ಸಾಂತಾ ಕತಲೀನಾ ಮಠಕ್ಕೆ ಹೋದೆ. 1579ರಲ್ಲಿ ಕಟ್ಟಲು ಶುರುಮಾಡಿದ್ದು. ಸನ್ಯಾಸಿನಿಯರು ಹೊರಗಿನವರ ಕಣ್ಣಿಗೆ ಬೀಳದೆ ಬಾಳಿದ ಜಾಗ. 1970ರಲ್ಲಿ ಬಾಗಿಲು ಎಲ್ಲರಿಗೂ ತೆರೆಯಿತು. ಅಲ್ಲಿ ಬಟ್ಟೆ ಒಗೆಯುವ ಅಂಗಳವನ್ನು ನಿನಗೆ ತೋರಿಸಬೇಕು. ಇಳಿಜಾರಿನಲ್ಲಿ ಒಂದು ಕಲ್ಲಿನ ಕಾಲುವೆ, ಅದರ ಎರಡೂ ಬದಿಗೆ ಉದ್ದಕ್ಕೆ ಸೀಳಿದ ದೊಡ್ಡ ಮಣ್ಣಿನ ಗುಡಾಣಗಳು, ಒಟ್ಟು ಇಪ್ಪತ್ತು. ಕಾಲುವೆಯ ನೀರಿಗೆ ಅಂಗೈ ಅಡ್ಡ ಹಿಡಿದರೆ ಸಾಕು, ನೀರು ಪಕ್ಕಕ್ಕೆ ತಿರುಗಿ ಗುಡಾಣ ತುಂಬುತ್ತದೆ. ಕೈ ತೆಗೆದರೆ ಮುಂದಿನವರ ಪಾಲು. ನೀನು ಮಳೆಗಾಲದಲ್ಲಿ ಅಂಗಳದಲ್ಲಿ ಮಾಡುವ ಆಟವೇ! ತಂಪು ನೀರಲ್ಲಿ ಅಂಗೈ ಇಟ್ಟುಕೊಂಡು ಸುಮಾರು ಹೊತ್ತು ಅಲ್ಲೇ ಕೂತೆ.

ಸಂಜೆ ಮತ್ತೆ ಕಾರಂಜಿಗೆ ಬಂದೆ. ನಿನ್ನಷ್ಟೇ ವಯಸ್ಸಿನ ಹುಡುಗಿ ಅಮ್ಮನ ಕೈ ಬಿಡಿಸಿಕೊಂಡು, ಎರಡೂ ಮುಷ್ಟಿ ಬಾಯಿಗೆ ಹಿಡಿದು, ಮೇಲಿನ ತುತುರುತುಗೆ ಊದಿ ತೋರಿಸುತ್ತಿದ್ದಳು. ಅವಳಮ್ಮ ಸುಮ್ಮನಿರು ಅನ್ನಲಿಲ್ಲ.

ಜಾತ್ರೆಯಲ್ಲಿ ಕೊಂಡ ನಿನ್ನ ತುತ್ತೂರಿ ಕಳೆದಿಲ್ಲ ಪುಟ್ಟಿ. ಸದ್ದು ತಡೆಯಲಾರದೆ ನಾನೇ ಅಟ್ಟದ ಮೇಲೆ, ಹಿತ್ತಾಳೆ ಹಂಡೆಯೊಳಗೆ ಇಟ್ಟಿದ್ದೆ. ಅಪ್ಪನಿಗೆ ಹೇಳಿ ಇಳಿಸಿಕೋ. ಶನಿವಾರ ಫೋನ್ ಮಾಡುತ್ತೇನೆ, ಊದಿ ಕೇಳಿಸು.

ನಿನ್ನ ಅಮ್ಮ