ಆಶಾ ತರಬೇತಿ: ಜಾಮಖೇಡದ ದಂಪತಿಯಿಂದ ಕಲಿಯಬೇಕಾದದ್ದು

ಮಾನ್ಯ ಸಂಪಾದಕರೇ,

ಆಶಾ ಕಾರ್ಯಕರ್ತೆಯರ ಗೌರವಧನದ ಬೇಡಿಕೆ ಆಗಾಗ ಸುದ್ದಿಯಾಗುತ್ತದೆ. ಬೇಡಿಕೆ ನ್ಯಾಯವಾದದ್ದೇ. ಆದರೆ ಅವರ ತರಬೇತಿ ಹೇಗೆ ನಡೆಯುತ್ತಿದೆ ಎಂದು ಕೇಳುವವರು ಕಡಿಮೆ. ಈ ವಿಚಾರದಲ್ಲಿ ನೆರೆಯ ಮಹಾರಾಷ್ಟ್ರದ ಜಾಮಖೇಡವನ್ನು ನೆನೆಯಬೇಕು.

ಡಾ. ರಜನಿಕಾಂತ್ ಮತ್ತು ಡಾ. ಮೇಬಲ್ ಆರೋಳೆ ದಂಪತಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು. ಮೊದಲು ದುಡಿದದ್ದು ವಡಾಳಾದ ಮಿಷನ್ ಆಸ್ಪತ್ರೆಯಲ್ಲಿ. ಅಲ್ಲಿ ವಾಸಿಯಾಗಿ ಮನೆಗೆ ಹೋದ ಮಕ್ಕಳು ಅದೇ ಭೇದಿ, ಅದೇ ಅಪೌಷ್ಟಿಕತೆಯಿಂದ ಮತ್ತೆ ದಾಖಲಾಗುತ್ತಿದ್ದರು. ಹಾಗಾಗಿ 1970ರಲ್ಲಿ ಅಹಮದ್‌ನಗರ ಜಿಲ್ಲೆಯ ಬರದ ಸೀಮೆ ಜಾಮಖೇಡಕ್ಕೆ ಬಂದು ಹಳ್ಳಿಗಳಿಂದಲೇ ಕೆಲಸ ಶುರು ಮಾಡಿದರು. ಜಿನೀವಾದಲ್ಲಿದ್ದ ಚರ್ಚುಗಳ ಜಾಗತಿಕ ಮಂಡಳಿಯ ವೈದ್ಯಕೀಯ ಆಯೋಗ ಬೆನ್ನಿಗೆ ನಿಂತಿತು. ಆಸ್ಪತ್ರೆ ಕಟ್ಟಡಕ್ಕೇ ಹಣ ಸುರಿಯುತ್ತಿದ್ದ ಚರ್ಚುಗಳಿಗೆ ಅದು ಹೊಸ ದಾರಿ. 1979ರಲ್ಲಿ ಇಬ್ಬರಿಗೂ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಮೊದಲು ಹಳ್ಳಿಗಳಿಗೆ ನರ್ಸ್‌ಗಳನ್ನು ಕಳಿಸಿ ನೋಡಿದರು, ನಡೆಯಲಿಲ್ಲ. ಹೊರಗಿನಿಂದ ಬಂದ ಹುಡುಗಿಯ ಮಾತನ್ನು ಊರಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಊರೇ ಆರಿಸಿದ ಹೆಂಗಸರು ಆರೋಗ್ಯ ಕಾರ್ಯಕರ್ತೆಯರಾಗಿ ಬಂದರು. ಅವರಲ್ಲಿ ಅನೇಕರು ದಲಿತರು, ಓದು ಬರಹ ಬಾರದವರು. ವಾರವಾರವೂ ಕೇಂದ್ರಕ್ಕೆ ಬಂದು ರಾತ್ರಿ ಉಳಿದು, ಜಾತಿ ನೋಡದೆ ಒಟ್ಟಿಗೆ ಉಂಡು, ಊರಿನಲ್ಲಿ ಕಂಡದ್ದನ್ನು ಹೇಳಿ, ಹೊಸ ಪಾಠ ಕಲಿತು ಹೋಗುತ್ತಿದ್ದರು. ಮುಂದಿನ ವಾರ ಅದು ಎಲ್ಲಿ ಕೈಕೊಟ್ಟಿತು ಎಂಬುದೇ ಚರ್ಚೆ. ಕೊಳವೆಬಾವಿಗಳನ್ನು ಬೇಕೆಂದೇ ದಲಿತ ಕೇರಿಯಲ್ಲಿ ಕೊರೆಸಿದ್ದನ್ನೂ ಇಲ್ಲಿ ಹೇಳಬೇಕು: ನೀರು ಬೇಕಾದರೆ ಮೇಲ್ಜಾತಿಯವರು ಅಲ್ಲಿಗೇ ಬರಬೇಕಿತ್ತು.

2005ರಲ್ಲಿ ಶುರುವಾದ ಆಶಾ ಯೋಜನೆ ಇಂಥ ಅನುಭವಗಳ ಕೂಸು. ಆದರೆ ವಾರದ ಪಾಠ ಅದರಲ್ಲಿ ಉಳಿಯಲಿಲ್ಲ. ಕೌಶಲ ಕಲಿಸುವ 6 ಮತ್ತು 7ನೇ ಮಾಡ್ಯೂಲಿಗೆ (ತರಬೇತಿ ಪಠ್ಯಕ್ಕೆ) 4 ಸುತ್ತು, ಒಟ್ಟು 20 ದಿನ. ಆಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದ ತಿಂಗಳ ಸಭೆ ಬಹುಪಾಲು ವರದಿ ಒಪ್ಪಿಸುವುದರಲ್ಲೇ ಮುಗಿಯುತ್ತದೆ.

ಇದರಿಂದ ಏನು ಕೆಡುತ್ತದೆ ಎಂಬುದಕ್ಕೆ ಭೇದಿಯಾದ ಮಗುವಿಗೆ ಕುಡಿಸುವ ಓಆರ್‌ಎಸ್ ಒಂದೇ ಸಾಕು. ದೊಡ್ಡ ಪ್ಯಾಕೆಟ್ಟನ್ನು ಪೂರ್ತಿ 1 ಲೀಟರ್ ನೀರಿಗೆ ಒಮ್ಮೆಲೇ ಹಾಕಬೇಕು. ಮನೆಗಳಲ್ಲಿ ಒಂದು ಲೋಟಕ್ಕೆ ಒಂದು ಚಿಟಿಕೆ ಹಾಕಿ ಉಳಿದದ್ದನ್ನು ಮಡಚಿಡುತ್ತಾರೆ. ಒಂದು ಲೋಟ ಸಪ್ಪೆ, ಇನ್ನೊಂದು ಉಪ್ಪು. ಗಟ್ಟಿಯಾದರೆ ಮಗುವಿನ ರಕ್ತದಲ್ಲಿ ಉಪ್ಪಿನಂಶ ಏರಿ ಅಪಾಯ. ಪ್ಯಾಕೆಟ್ ಇಲ್ಲದಿದ್ದರೆ 1 ಲೀಟರಿಗೆ ಮಟ್ಟ ಸವರಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಸಕ್ಕರೆ ಹೆಚ್ಚಾದರೆ ಭೇದಿಯೂ ಹೆಚ್ಚುತ್ತದೆ. ಕಲಸಿದ್ದನ್ನು 24 ಗಂಟೆಯ ಮೇಲೆ ಚೆಲ್ಲಬೇಕು. ಜಿಂಕ್ ಮಾತ್ರೆ 14 ದಿನ: 6 ತಿಂಗಳು ದಾಟಿದ ಮಗುವಿಗೆ 20 ಮಿ.ಗ್ರಾಂ., 2ರಿಂದ 6 ತಿಂಗಳಿನದಕ್ಕೆ ಅದರ ಅರ್ಧ. ಭೇದಿ ನಿಂತ ಮೂರನೇ ದಿನಕ್ಕೇ ತಾಯಂದಿರು ಮಾತ್ರೆ ಬಿಡುತ್ತಾರೆ. ಇವೆಲ್ಲ ಪುಸ್ತಕದಲ್ಲಿ ಇವೆ. ಆದರೆ ಚಮಚ ಸವರುವುದು ಕೈಯಿಂದ ಮಾಡಿ, ತಪ್ಪಿ, ಮತ್ತೆ ಮಾಡಿದರೆ ಮಾತ್ರ ಬರುತ್ತದೆ. ಮಗುವಿನ ಉಸಿರು ಎಣಿಸುವುದೂ ಹಾಗೆಯೇ: ಪೂರ್ತಿ ಒಂದು ನಿಮಿಷ, ಮಗು ಅಳದೆ ಇರುವಾಗ. 2 ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ ವೇಗದ ಉಸಿರು, ಅಂದರೆ ನ್ಯುಮೋನಿಯಾ ಇರಬಹುದೆಂಬ ಸೂಚನೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ನಂಬಲಾಗದು, ಪುಟ್ಟ ಮಕ್ಕಳ ಉಸಿರು ಒಂದೇ ಲಯದಲ್ಲಿರುವುದಿಲ್ಲ.

ತಿಂಗಳ ಸಭೆಯಲ್ಲಿ ಅರ್ಧ ದಿನ ರಿಜಿಸ್ಟರ್ ಮುಚ್ಚಿಡಲು ಆರೋಗ್ಯ ಇಲಾಖೆ ಆದೇಶ ಹೊರಡಿಸಲಿ. ಆ ಹೊತ್ತಿನಲ್ಲಿ ಒಂದು ಕೌಶಲವನ್ನು ಕೈಯಾರೆ ಮಾಡಿಸಲಿ, ಹಿಂದಿನ ತಿಂಗಳ ಒಂದು ಕೇಸು ಮಾತಿಗೆ ಬರಲಿ. ಬಸ್ ಖರ್ಚು, ಊಟದ ಹಣ ಅಂದೇ ಕೈಗೆ ಸಿಗಲಿ. ರಾಜ್ಯದ ಮಿಷನ್ ಆಸ್ಪತ್ರೆಗಳು ಈ ಕೆಲಸಕ್ಕೆ ಜಾಗವನ್ನೂ ಒಬ್ಬ ನರ್ಸ್‌ನ್ನೂ ಕೊಡಬಹುದು.

— ಇಬ್ಬರು ಆರೋಗ್ಯ ತರಬೇತುದಾರರು, ಕಲಬುರಗಿ