ಗೆಳೆಯನಿಗೊಂದು ಪತ್ರ: ಎಮ್ಮಾಳ ಭಂಗಿಗಳು

ಗೆಳೆಯಾ,

ಹದಿನೆಂಟನೇ ಶತಮಾನದ ಯುರೋಪಿನ ಹೆಂಗಸರು ದೇವತೆಗಳ ವೇಷದಲ್ಲಿ ಯಾಕೆ ಚಿತ್ರ ಬರೆಸಿಕೊಳ್ಳುತ್ತಿದ್ದರು ಅಂತ ಕೇಳಿದ್ದೆಯಲ್ಲ. ದೊಡ್ಡ ಮನೆಯವರಿಗೆ ಅದೊಂದು ಫ್ಯಾಶನ್ ಕಣೋ. ಫ್ರಾನ್ಸಿನ ರಾಜ ಹದಿನೈದನೇ ಲೂಯಿಯ ಮಗಳು ಅಡಿಲೇಡ್‌ಳನ್ನು ನಾಟಿಯೇ ಎಂಬ ಕಲಾವಿದ 1745ರಲ್ಲಿ ಬೇಟೆಯ ದೇವತೆ ಡಯಾನಾಳಾಗಿ ಚಿತ್ರಿಸಿದ. ವೇಷ ಕಳಚಿದ ಮೇಲೂ ಆಕೆ ರಾಜಕುಮಾರಿಯೇ. ಹಾಗಾಗಿ ನನಗೆ ಅದರಲ್ಲಿ ಜಾಸ್ತಿ ಕುತೂಹಲ ಇಲ್ಲ. ಕಮ್ಮಾರನ ಮಗಳು ಎಮ್ಮಾಳ ಕತೆ ಹಾಗಲ್ಲ.

ಅವಳು 1765ರಲ್ಲಿ ಇಂಗ್ಲೆಂಡಿನ ಚೆಷೈರ್‌ನಲ್ಲಿ ಹುಟ್ಟಿದವಳು. ಎಳೆಯ ವಯಸ್ಸಿನಲ್ಲೇ ಮನೆಗೆಲಸಕ್ಕೆ ಹೋದಳು. ಮುಂದೆ ಗ್ರೆವಿಲ್ ಎಂಬ ದೊಡ್ಡ ಮನೆತನದವನು ಅವಳನ್ನು ಇಟ್ಟುಕೊಂಡ. ಅವನೇ 1782ರಲ್ಲಿ ಚಿತ್ರಕಾರ ರೋಮ್ನಿಯ ಹತ್ತಿರ ಕರೆದುಕೊಂಡು ಹೋದ. ರೋಮ್ನಿ ಅವಳನ್ನು ಮತ್ತೆ ಮತ್ತೆ ಚಿತ್ರಿಸಿದ. ಅಷ್ಟರಲ್ಲಿ ಗ್ರೆವಿಲ್‌ಗೆ ಹಣವಂತರ ಮನೆ ಹುಡುಗಿ ಬೇಕೆನಿಸಿತು. 1786ರಲ್ಲಿ ಇವಳನ್ನು ಇಟಲಿಯ ನೇಪಲ್ಸ್‌ಗೆ, ತನ್ನ ಸೋದರಮಾವ ವಿಲಿಯಂ ಹ್ಯಾಮಿಲ್ಟನ್ ಮನೆಗೆ ಸಾಗಹಾಕಿದ. ಸ್ವಲ್ಪ ದಿನ ಬಿಟ್ಟು ಬಂದು ಕರೆದುಕೊಂಡು ಹೋಗುತ್ತೇನೆ ಅಂತ ನಂಬಿಸಿದ್ದ. ಬರಲೇ ಇಲ್ಲ.

ಹ್ಯಾಮಿಲ್ಟನ್ ಅಲ್ಲಿ ಬ್ರಿಟಿಷ್ ರಾಯಭಾರಿ. ಹಳೇ ಗ್ರೀಕ್ ಹೂಜಿಗಳ ಹುಚ್ಚು. ಅವನ ಮೊದಲ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಂ 1772ರಲ್ಲೇ ಕೊಂಡಿತ್ತು. ಆ ಹೂಜಿಗಳ ಮೇಲಿನ ಆಕೃತಿಗಳನ್ನು ಎಮ್ಮಾ ಮೈಮೇಲೆ ತಂದುಕೊಂಡಳು. ಸಡಿಲ ಉಡುಪು, ಬಿಚ್ಚಿದ ಕೂದಲು, ಒಂದೆರಡು ಶಾಲು, ಅಷ್ಟೇ. ಶಾಲು ತಲೆ ಮೇಲೆ ಬಂದರೆ ಒಬ್ಬಳು, ಸೊಂಟಕ್ಕೆ ಇಳಿದರೆ ಇನ್ನೊಬ್ಬಳು. ಅದು ಯಾರ ಭಂಗಿ ಅಂತ ನೋಡುವವರು ಗುರುತಿಸಬೇಕು. 1787ರಲ್ಲಿ ಇದನ್ನು ನೋಡಿದ ಜರ್ಮನ್ ಕವಿ ಗಯಟೆ, ಹ್ಯಾಮಿಲ್ಟನ್ ತಾನೇ ದೀಪ ಹಿಡಿದು ನಿಲ್ಲುತ್ತಿದ್ದ ಅಂತ ಬರೆದಿದ್ದಾನೆ. ಆ ಮನೆಯಲ್ಲಿ ಗಯಟೆಯ ಕಣ್ಣಿಗೆ ಇನ್ನೊಂದು ವಸ್ತುವೂ ಬಿತ್ತು: ನಿಲ್ಲಿಸಿದ ಒಂದು ಪೆಟ್ಟಿಗೆ. ಒಳಗೆಲ್ಲ ಕಪ್ಪು ಬಣ್ಣ, ಮುಂದೆ ಚಿನ್ನದ ಚೌಕಟ್ಟು, ಒಬ್ಬರು ನಿಲ್ಲುವಷ್ಟು ಜಾಗ. ಎಮ್ಮಾ ಅದರೊಳಗೆ ಹಳೇ ರೋಮನ್ ಊರು ಪಾಂಪೇಯ ಗೋಡೆಚಿತ್ರದ ಹಾಗೆ ನಿಲ್ಲುತ್ತಿದ್ದಳಂತೆ! ಓದಿ ನನಗೆ ಮೈ ಉರಿಯಿತು. 1791ರಲ್ಲಿ ಹ್ಯಾಮಿಲ್ಟನ್ ಅವಳನ್ನು ಮದುವೆಯಾದಾಗ, ಮುದುಕ ತನ್ನ ವಿಗ್ರಹಗಳ ಗ್ಯಾಲರಿಯನ್ನೇ ಮದುವೆಯಾದ ಅಂತ ಇಂಗ್ಲಿಷ್ ಬರಹಗಾರ ಹೊರೇಸ್ ವಾಲ್ಪೋಲ್ ಕುಹಕವಾಡಿದ.

ಈಗ ನಿನ್ನ ಕಸುಬಿನ, ಅಂದರೆ ಗೆರೆಗಳ ವಿಷಯಕ್ಕೆ ಬರೋಣ. ಫ್ರೀಡ್ರಿಕ್ ರೇಬರ್ಗ್ ಎಂಬ ಜರ್ಮನ್ ಕಲಾವಿದ ಅವಳ ಭಂಗಿಗಳನ್ನು ಬರೆದುಕೊಂಡ. 1794ರಲ್ಲಿ ಅವು 12 ಅಚ್ಚುಗಳಾಗಿ ಬಂದವು. ಒಂದರಲ್ಲಿ ನೃತ್ಯದೇವತೆ, ಒಂದರಲ್ಲಿ ಗ್ರೀಕ್ ಪುರಾಣದ ನಿಯೋಬಿ, ಇನ್ನೊಂದರಲ್ಲಿ ಕ್ಲಿಯೋಪಾತ್ರ. ಬಣ್ಣವಿಲ್ಲ, ನೆರಳಿಲ್ಲ, ಬರೀ ಹೊರಗೆರೆ. ಮುಖ ನೋಡಿದರೆ ಎಮ್ಮಾ ಎಲ್ಲೂ ಸಿಗುವುದಿಲ್ಲ. ಹಣೆಯಿಂದ ನೇರ ಇಳಿದ ಅದೇ ಗ್ರೀಕ್ ಮೂಗು, ಯಾರದಾದರೂ ಆಗಬಹುದಾದ ಗಲ್ಲ. ಆದರೆ ಬಟ್ಟೆ ನೋಡು. ಸೆರಗಿನ ನಿರಿಗೆ ಎಲ್ಲಿ ಬೀಳಬೇಕು, ಮೈಯ ಭಾರ ಯಾವ ಕಾಲಿನ ಮೇಲಿರಬೇಕು, ಇವೆಲ್ಲ ಅವಳೇ ಕಂಡುಕೊಂಡದ್ದು. ರೇಬರ್ಗ್ ಕಂಡದ್ದನ್ನು ಗೆರೆಗೆ ಇಳಿಸಿದ, ಅಷ್ಟೇ. ಹೆಸರು ಮಾತ್ರ ಅವನದು. ಕೂತು ಬರೆಸಿಕೊಂಡವಳು ಅಂತ ಅವಳನ್ನು ಪಕ್ಕಕ್ಕೆ ಸರಿಸುವುದು ಅನ್ಯಾಯ ಅಲ್ವಾ?

ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ನೆಲ್ಸನ್ ಜೊತೆಗಿನ ಅವಳ ಪ್ರೇಮ ಸಂಬಂಧ ನಿನಗೆ ಗೊತ್ತೇ ಇದೆ, ಬಿಡು. 1803ರಲ್ಲಿ ಹ್ಯಾಮಿಲ್ಟನ್ ಸತ್ತ, 1805ರಲ್ಲಿ ನೆಲ್ಸನ್. ಸಾಲ ಬೆಳೆಯಿತು. 1807ರಲ್ಲಿ ರೇಬರ್ಗ್‌ನ ಪುಸ್ತಕಕ್ಕೆ ಒಂದು ಅಣಕು ಆವೃತ್ತಿ ಬಂತು, ವ್ಯಂಗ್ಯಚಿತ್ರಕಾರ ಗಿಲ್ರೇಯದು ಎನ್ನುತ್ತಾರೆ. ಭಂಗಿಗಳು ಅವೇ, ಮೈ ಮಾತ್ರ ದಪ್ಪ. ದೇವತೆಗೆ ವಯಸ್ಸಾಗಬಾರದಿತ್ತು ನೋಡು. ಎಂಟು ವರ್ಷದ ಮೇಲೆ, ಸಾಲ ಕೊಟ್ಟವರಿಂದ ತಪ್ಪಿಸಿಕೊಂಡು ಹೋಗಿದ್ದ ಫ್ರಾನ್ಸಿನ ಕ್ಯಾಲೆಯಲ್ಲಿ ಅವಳು ತೀರಿಕೊಂಡಳು.

ಎರಡೂ ಪುಸ್ತಕಗಳ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡು. ಅಣಕಿಸಿದವನ ಗೆರೆಯಲ್ಲೇ ಜೀವ ಜಾಸ್ತಿ ಅಂತ ನನಗೆ ಅನಿಸುತ್ತದೆ. ಡ್ರಾಯಿಂಗ್ ಮೇಷ್ಟ್ರು ನೀನು, ಒಪ್ಪದಿದ್ದರೆ ಜಗಳಕ್ಕೆ ಬಾ.

ಇಂತಿ ನಿನ್ನ
ಗೆಳತಿ