ಪುಟ್ಟಿ, ಬುಧವಾರ ಬಾ

ಪುಟ್ಟಿ,

ಫೋನ್ ಎತ್ತಲ್ಲ ಅಂತ ಗೊತ್ತು, ಅದಕ್ಕೇ ಟೈಪ್ ಮಾಡ್ತಿದೀನಿ. ಭಾನುವಾರ ಅಳಿಯಂದಿರ ಮುಂದೆ ನಿನ್ನ ಹಾರ್ಟ್ ವಾಲ್ವ್ ವಿಷಯ ನಾನು ಹಾಗೆ ಬಾಯಿ ಬಿಟ್ಟಿದ್ದು ತಪ್ಪು. ಹೇಳಿದ ರೀತಿ ತಪ್ಪು, ವಿಷಯ ತಪ್ಪಲ್ಲ. ಅದನ್ನ ಮತ್ತೆ ಎತ್ತಲ್ಲ.

ಹೋದ ತಿಂಗಳು ಜಯನಗರ ಮೆಟ್ರೋ ಸ್ಟೇಷನ್ನಲ್ಲಿ ಎಸ್ಕಲೇಟರ್ ಹತ್ರ ರಶ್ ಅಂತ ಮೆಟ್ಟಿಲು ಹತ್ತಿದ್ವಲ್ಲ, ನೀನು ಅರ್ಧಕ್ಕೆ ನಿಂತು ಫೋನ್ ತೆಗೆದೆ. ಯಾವುದೋ ಮೆಸೇಜ್ ಇರ್ಬೇಕು ಅಂತ ನಾನು ಅನ್ಕೊಂಡೆ. ಸ್ಕ್ರೀನ್ ಆನೇ ಆಗಿರ್ಲಿಲ್ಲ ಕಣೇ.

"ನಂಗೇನೂ ಆಗಲ್ಲಮ್ಮ" ಅಂತೀಯ. ವಾಲ್ವ್ ನಿಧಾನಕ್ಕೆ ಕಿರಿದಾಗೋವ್ರಿಗೆ ಗೊತ್ತೇ ಆಗಲ್ವಂತೆ, ಗೊತ್ತಿಲ್ದಂಗೆ ಓಡಾಟ ಕಮ್ಮಿ ಮಾಡ್ಕೊಂಡು ಹೋಗ್ತಾರಂತೆ. ನೀನೂ ಲಾಲ್‌ಬಾಗ್ ಬಂಡೆ ಹತ್ತೋದು ಬಿಟ್ಟೆ, ಆಮೇಲೆ ವಾಕಿಂಗೇ ಬಿಟ್ಟೆ, ಟ್ರಾಫಿಕ್ ಅಂದೆ, ಡೆಡ್‌ಲೈನ್ ಅಂದೆ.

ಎಕೋದಲ್ಲಿ, ಅದೇ ಹಾರ್ಟಿನ ಸ್ಕ್ಯಾನಲ್ಲಿ, ಮೈಟ್ರಲ್ ವಾಲ್ವ್ (ಎಡಗಡೆ ಎರಡು ಕೋಣೆ ಮಧ್ಯದ ಬಾಗಿಲು) ತೆರೆಯೋ ಜಾಗ 1.6 ಸ್ಕ್ವೇರ್ ಸೆಂಟಿಮೀಟರ್ ಬಂತು. ಇರಬೇಕಾಗಿದ್ದು 4ರಿಂದ 6, 1.5ಕ್ಕೆ ಇಳಿದ್ರೆ ಸಿವಿಯರ್. ಬಾರ್ಡರ್ ದಾಟಿಲ್ಲ ಅಂತ ನೀನು ಖುಷಿಪಟ್ಟೆ. ಆದ್ರೆ ಅದು ಸುಮ್ಮನೆ ಮಲಗಿದ್ದಾಗ ನೋಡಿದ್ದು. ಎದೆ ಜೋರಾಗಿ ಹೊಡ್ಕೊಂಡಾಗ ಎರಡು ಬಡಿತದ ಮಧ್ಯೆ ರಕ್ತ ಆ ಸಣ್ಣ ಸಂದಿಯಲ್ಲಿ ಇಳಿಯೋಕೆ ಟೈಮ್ ಸಿಗಲ್ಲ, ಮೇಲ್ಗಡೆನೇ ನಿಂತು ಶ್ವಾಸಕೋಶದ ಕಡೆ ಒತ್ತುತ್ತೆ. ಅದನ್ನ ನೋಡೋಕೇ ಸ್ಟ್ರೆಸ್ ಎಕೋ, ದೇಹಕ್ಕೆ ಶ್ರಮ ಕೊಟ್ಟು ಮಾಡೋ ಎಕೋ. ನೀವಿಬ್ರೂ ಮಗು ಬೇಕು ಅಂತಿದೀರ, ಬಸುರಲ್ಲಿ ರಕ್ತ ಹೆಚ್ಚುಕಮ್ಮಿ ಅರ್ಧದಷ್ಟು ಜಾಸ್ತಿ ಆಗುತ್ತೆ, ಬಡಿತನೂ ಏರುತ್ತೆ. ಟೆಸ್ಟಲ್ಲಿ ಸಾಕು ಅಂದ್ರೆ ನಿಲ್ಲಿಸ್ತಾರೆ. ಬಸುರಲ್ಲಿ ಯಾರು ನಿಲ್ಲಿಸ್ತಾರೆ?

ನಂಗೆ ನಿದ್ದೆ ಬರದೇ ಇರೋದು ಮಾತ್ರ ಆ ಇಂಜೆಕ್ಷನ್ನಿಂದ. ಗಂಟಲು ನೋವಿಗೆ ಅರಿಶಿನದ ಹಾಲು ಕೊಟ್ಟು ಸುಮ್ಮನಾದೆ, ಆಮೇಲೆ ಮಂಡಿ ಊದ್ಕೊಂಡಾಗ ಬೆಳೆಯೋ ಮಗು ಅಂದೆ, ಅಲ್ಲಿಗೇ ಎರಡು ತಪ್ಪು. ಅದು ರುಮ್ಯಾಟಿಕ್ ಜ್ವರ, ಗಂಟಲಿಂದ ಶುರುವಾಗಿ ಮಂಡಿಗೂ ಹಾರ್ಟ್ ವಾಲ್ವಿಗೂ ತಟ್ಟೋದು. ಮತ್ತೆ ಬರದಿರ್ಲಿ ಅಂತ 21 ದಿನಕ್ಕೊಂದು ಪೆನಿಸಿಲಿನ್. ಗಂಜಿ ಥರ ಬಿಳೀ ಮದ್ದು, ಸೂಜಿ ಕಟ್ಕೊಂಡ್ರೆ ಸಿಸ್ಟರ್ ಇನ್ನೊಂದು ಹಾಕೋರು, ನೀನು ಕುಂಟ್ಕೊಂಡು ಅಯ್ಯಂಗಾರ್ ಬೇಕರಿವರೆಗೆ ಬಂದು ಖಾರಾ ಬನ್ ತಿಂತಾ ಅಳೋಳು. ಬೆಂಗಳೂರು ಪ್ರೆಸ್ ಕ್ಯಾಲೆಂಡರಲ್ಲಿ ಕೆಂಪು ಇಂಕಲ್ಲಿ 'ಇಂ' ಅಂತ ಬರೀತಿದ್ದೆ. ನೀನು ಎಸ್ಸೆಸ್ಸೆಲ್ಸಿ ಇದ್ದ ವರ್ಷದ್ದು ಇನ್ನೂ ಬೀರುವಲ್ಲಿದೆ, ನಿನ್ನೆ ತೆಗೆದು ನೋಡ್ದೆ, ಜೂನ್ ಆದ್ಮೇಲೆ ಒಂದೂ 'ಇಂ' ಇಲ್ಲ. ನಾನೇ ನಿಲ್ಲಿಸಿದ್ದು, ಪರೀಕ್ಷೆ ಇದೆ, ನೋವಾಗುತ್ತೆ ಅಂತ ನಿಮ್ಮಪ್ಪನಿಗೆ ಹೇಳಿದ್ದೆ. ಪರೀಕ್ಷೆಗಲ್ಲ ಕಣೇ. ಹಾರ್ಟ್ ಹುಡುಗಿ ಅಂತ ಹೆಸರು ಬಿದ್ರೆ ಗಂಡು ಎಲ್ಲಿಂದ ತರ್ತೀಯ ಅಂತ ದೊಡ್ಡಮ್ಮ ಅಂದ್ರು, ನಾನು ಕೇಳ್ದೆ. ನಿನ್ನ ಮದುವೆ ಮಾತುಕತೇಲೂ ಬಾಯಿ ಮುಚ್ಕೊಂಡಿದ್ದೆ. ಇಷ್ಟು ವರ್ಷ ಮುಚ್ಚಿಟ್ಟು ಭಾನುವಾರ ಊಟದ ಮಧ್ಯೆ ಒದರಿದೆ.

ನಿನ್ನೆ ನಾನೇ ಹೋಗಿ ಸ್ಟ್ರೆಸ್ ಎಕೋಗೆ ಸ್ಲಾಟ್ ತಗೊಂಡೆ, ಬೇಕಾದ್ರೆ ಬೈದ್ಕೋ. ಒರಗಿಕೊಂಡು ಪೆಡಲ್ ತುಳಿಯೋ ಸೈಕಲ್ಲಂತೆ, ಎರಡು ಮೂರು ನಿಮಿಷಕ್ಕೊಮ್ಮೆ ಭಾರ ಏರಿಸ್ತಾರೆ, ತುಳೀತಿರೋವಾಗ್ಲೇ ಎದೆಗೆ ಜೆಲ್ ಹಚ್ಚಿ ನೋಡ್ತಾರೆ. ಟ್ರೆಡ್‌ಮಿಲ್ ಆದ್ರೆ ಇಳಿದ ತಕ್ಷಣ ಓಡಿ ಮಲಗ್ಬೇಕು, ಒಂದು ನಿಮಿಷದಲ್ಲಿ ಚಿತ್ರ ಹಿಡೀಬೇಕು. ಬಿಪಿ ಅಳೆಯೋ ಲೆಕ್ಕದಲ್ಲೇ ವಾಲ್ವಿನ ಆಚೀಚೆ ಒತ್ತಡದ ಅಂತರ 15 ದಾಟಿದ್ರೆ, ಶ್ವಾಸಕೋಶದ ಒತ್ತಡ 60 ದಾಟಿದ್ರೆ ಮುಂದಿನ ಮಾತು. ಆಗ್ಲೂ ಎದೆ ಸೀಳೋದೇ ಅಂತಲ್ಲ, ತೊಡೆ ಸಂದಿಯಿಂದ ಬಲೂನ್ ಕಳಿಸಿ ಅಗಲ ಮಾಡ್ತಾರೆ, ಜಪಾನಿನ ಡಾಕ್ಟರ್ ಇನೋಯೆ 1984ರಲ್ಲೇ ಬರೆದಿದ್ದು, ನೀನು ಹುಟ್ಟೇ ಇರ್ಲಿಲ್ಲ. ಎಲ್ರಿಗೂ ಆಗಲ್ಲ, ವಾಲ್ವ್ ಅದಕ್ಕೆ ಸರಿಯಿದ್ಯಾ ನೋಡ್ಬೇಕು.

ರಾತ್ರಿ ಹನ್ನೊಂದರವರೆಗೆ ಲ್ಯಾಪ್‌ಟಾಪ್, ಊಟಕ್ಕೆ ಹೊತ್ತಿಲ್ಲ, ಉಪ್ಪಿನಕಾಯಿ ಮೇಲೆ ಉಪ್ಪಿನಕಾಯಿ... ಬಿಡು, ಉಪದೇಶ ಮಾಡಲ್ಲ ಅಂದ್ಕೊಂಡೇ ಶುರು ಮಾಡಿದ್ದು. ಒಬ್ಳೇ ಎಜುಕೇಷನ್ ಲೋನ್ ತೀರಿಸಿದ ಹುಡುಗಿ ನೀನು, ನಂಗಿಂತ ನಿಂಗೇ ತಿಳುವಳಿಕೆ ಜಾಸ್ತಿ. ಆದ್ರೂ ಆ ಜೂನ್ ತಿಂಗಳು ಕಣ್ಮುಂದೆ ಬರ್ತಾನೇ ಇರುತ್ತೆ.

ಬುಧವಾರ ಹತ್ತೂವರೆ. ಬೆಳಿಗ್ಗೆ ಬೇಗ ಎರಡು ಇಡ್ಲಿ ತಿನ್ನು, ಆಮೇಲೆ ಏನೂ ಬೇಡ. ಮಾತ್ರೆ ಬಿಡ್ಬೇಕಾ ಅಂತ ಡಾಕ್ಟ್ರನ್ನ ಕೇಳ್ಕೋ. ನಿನ್ನ ಹಳೇ ಕ್ಯಾನ್ವಾಸ್ ಶೂ ಒಗೆದು ಟೆರೇಸಲ್ಲಿ ಹಾಕಿದೀನಿ. ಒಂಬತ್ತೂವರೆಗೆ ಆಟೋ ತಗೊಂಡು ನಿಮ್ಮ ಗೇಟ್ ಹತ್ರ ಬರ್ತೀನಿ, ಮಾತಾಡ್ದಿದ್ರೂ ಪರವಾಗಿಲ್ಲ.

ಅಲ್ಲಿ ಲಿಫ್ಟ್ ಇದೆ, ನೋಡ್ಕೊಂಡು ಬಂದೆ.

ಅಮ್ಮ